ಚಿಗರೆಮರಿಯ ನಮಸ್ಕಾರ

ಅದು ನಮಸ್ಕಾರ ಹಾಕಿದ್ದಲ್ಲ, ಹೆದರಿ ನೆಲಕ್ಕೆ ಅಂಟಿಕೊಂಡದ್ದು. ಇಷ್ಟು ಸಣ್ಣ ಮಾತನ್ನು ನಮ್ಮ ಮನೆಯವರ ತಲೆಗೆ ಇಳಿಸಲು ನನ್ನಿಂದ ಆಗಲಿಲ್ಲ. ದೇವರ ಹೆಸರು ಒಮ್ಮೆ ಬಾಯಿಗೆ ಬಂತೆಂದರೆ ನಮ್ಮವರ ಕಿವಿ ಮುಚ್ಚಿಹೋಗುತ್ತದೆ. ನಾನೂ ಬೆಳಿಗ್ಗೆ ಮಿಂದು ಹಟ್ಟಿಯಂಗಡಿ ಗಣಪತಿಗೆ ಕೈಮುಗಿಯದೆ ಬಾಯಿಗೆ ಚಹಾ ಹಾಕುವವನಲ್ಲ. ನನಗೆ ಸಿಟ್ಟು ಬಂದದ್ದೇ ಆ ಕಾರಣಕ್ಕೆ. ದೇವರನ್ನು ನಂಬದವನು ಹೀಗೆ ಮಾಡಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗಬಹುದಿತ್ತು. ಇವರು ಕದ್ದು ತಂದರು. ಕೊಟ್ಟವಳು ಕೊಲ್ಲೂರಿನ ಅಮ್ಮ ಎಂದರು.

ಈ ಮನೆಯಲ್ಲಿ ಈಗ ನಾವು ನಾಲ್ವರು. ನನ್ನ ತಂಗಿ ಸುಗುಣ, ಅವಳ ಮಗ ಲೀಲಾಧರ, ಅವನ ಹೆಂಡತಿ ಶ್ರೀಲತಾ, ಮತ್ತೆ ನಾನು, ಅಣ್ಣಯ್ಯ ಶೆಟ್ಟಿ. ನಾನು ಹರೆಯದಲ್ಲಿ ಘಟ್ಟ ಹತ್ತಿ ರಾಣೆಬೆನ್ನೂರಿನಲ್ಲಿ ಹೋಟೆಲು ಹಾಕಿದವನು. ನನಗೂ ನನ್ನ ಹೆಂಡತಿ ರಾಜೀವಿಗೂ ಮಕ್ಕಳಾಗಲಿಲ್ಲ. ಆಗಿದ್ದರೂ ಅಳಿಯಸಂತಾನದ ನಮ್ಮ ಕುಟುಂಬದಲ್ಲಿ ಮುಂದಿನವನು ಅಳಿಯನೇ, ಎಂದರೆ ತಂಗಿಯ ಮಗನೇ. ಒಲೆಯ ಮುಂದೆ ನಿಲ್ಲುವ ಶಕ್ತಿ ಹೋದಾಗ ಹೋಟೆಲನ್ನು ಲೀಲಾಧರನ ಕೈಗೆ ಕೊಟ್ಟು ನಾವಿಬ್ಬರೂ ಊರಿಗೆ ಬಂದೆವು. ಅವನು ಅಲ್ಲಿಗೂ ಇಲ್ಲಿಗೂ ಕಾರಿನಲ್ಲಿ ಓಡಾಡಿಕೊಂಡಿದ್ದಾನೆ. ಕಳೆದ ಶ್ರಾವಣದಲ್ಲಿ ರಾಜೀವಿ ಹೋದಳು.

ಲೀಲಾಧರನಿಗೆ ಮದುವೆಯಾಗಿ ಹತ್ತು ವರ್ಷ ದಾಟಿದೆ. ಮಗುವಾಗಿಲ್ಲ. ಮಣಿಪಾಲದ ವೈದ್ಯರನ್ನು ಕಂಡದ್ದಾಯಿತು, ಹರಕೆ ಹೊತ್ತದ್ದಾಯಿತು. ಮಾಘ ಮಾಸದ ಒಂದು ಸೋಮವಾರ ಗಂಡ ಹೆಂಡತಿ ರಾಣೆಬೆನ್ನೂರಿನಿಂದ ಹೊರಟು, ಕೊಲ್ಲೂರಿನಲ್ಲಿ ಅಮ್ಮನ ದರ್ಶನ ಮಾಡಿ ಮನೆಗೆ ಬರುವುದೆಂದು ಮಾತಾಗಿತ್ತು. ಮಧ್ಯಾಹ್ನ ಕೊಲ್ಲೂರಿನಿಂದ ಸುಗುಣಳಿಗೆ ಫೋನು ಬಂತು. ಅವಳು ಆರತಿ ತಟ್ಟೆ ಸಿದ್ಧಮಾಡಿ ಹೆಬ್ಬಾಗಿಲಲ್ಲಿ ನಿಂತಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಕಾರು ಅಂಗಳಕ್ಕೆ ಬಂದಾಗ ಕೂಗಿದಳು.

"ಅಣ್ಣ, ಹೊರಗ್ ಬಾ! ಅಮ್ಮ ಎಂತ ಕೊಟ್ಟಿದ್ಲ್ ಕಾಣ್!"

ಶ್ರೀಲತಾ ಎದೆಗೆ ಅವಚಿಕೊಂಡ ಶಾಲಿನೊಳಗಿಂದ ಒಂದು ಮುಖ ಕಾಣುತ್ತಿತ್ತು. ಒಣಹುಲ್ಲಿನ ಬಣ್ಣ. ಮುಖಕ್ಕಿಂತ ದೊಡ್ಡ ಕಿವಿ. ನೋಡಿದ ಕೂಡಲೇ ನನಗೆ ತಿಳಿಯಿತು. ಚಿಗರೆಮರಿ. ಹುಟ್ಟಿ ವಾರವೂ ಆಗಿರಲಿಲ್ಲ.

"ಜಿಂಕೆಮರಿ ಮಾವ," ಎಂದ ಲೀಲಾಧರ. ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡು ಎಷ್ಟೋ ಕಾಲವಾಗಿತ್ತು. "ರಾಣೆಬೆನ್ನೂರ್ ದಾಟಿ, ಜೋಳ ಕೊಯ್ದ ಗದ್ದೆ ಬದಿಗ್ ಕಾರ್ ನಿಲ್ಸಿದ್ದ್. ಇವ್ಳ್ ಇಳ್ದ್ ಸ್ವಲ್ಪ ಮುಂದ್ ಹೋಪತಿಗೆ ಕಾಲ್ ಬುಡದಂಗೇ ಮಲ್ಕಂಡಿತ್. ಸುತ್ತ ಒಂದ್ ಜೀವ ಇಲ್ಲ. ಮುಟ್ರೂ ಓಡ್ಲಿಲ್ಲ, ಕೂಗ್ಲಿಲ್ಲ. ಅಮ್ಮನತ್ರ ಮಗು ಬೇಡುಕೆ ಹೊರಟವ್ರಿಗೆ ದಾರಿಯಂಗೆ ಹೀಂಗ್ ಸಿಕ್ರೆ ಎಂತ ಅರ್ಥ, ನೀವೇ ಹೇಳಿ."

"ತಾಯಿ ಅಡಗ್ಸಿಟ್ಟದ್ದನ್ನ ನೀವ್ ಹೊತ್ಕಂಡ್ ಬಂದ್ರಿ ಅಂದ್ ಅರ್ಥ," ಎಂದೆ.

"ತಾಯಿ ಇದ್ರೆ ಬಿಟ್ಟ್ ಹೋತಿತ್ತಾ ಮಾವ? ನಮ್ಮ ಹಟ್ಟಿ ದನ ಕರು ಬಿಟ್ಟ್ ಹೋತ್ತಾ?"

ಹಟ್ಟಿಯ ದನವೇ ಲೋಕದ ತಾಯಂದಿರಿಗೆಲ್ಲ ಅಳತೆ ಇವರಿಗೆ. ಕರು ಹಾಕಿದ ದನ ಅಂಗಳ ಬಿಟ್ಟು ಕದಲದು, ಕರುವನ್ನು ಕಣ್ಣಿಂದ ಅಗಲಿಸದು. ಹಾಗೆ ಮಾಡದ ತಾಯಿ ತಾಯಿಯೇ ಅಲ್ಲ ಎಂದು ತೀರ್ಮಾನ.

ಅಷ್ಟರಲ್ಲಿ ಶ್ರೀಲತಾ ದೇವರಕೋಣೆಯ ಮುಂದೆ ಚಾಪೆ ಹಾಸಿ ಮರಿಯನ್ನು ಇಳಿಸಿದಳು. ನಾವೆಲ್ಲ ಸುತ್ತ ನಿಂತಿದ್ದೆವು. ಮರಿ ನಾಲ್ಕು ಕಾಲನ್ನೂ ಮಡಚಿ ಕುಸಿಯಿತು. ಕತ್ತನ್ನು ಉದ್ದಕ್ಕೆ ಚಾಚಿತು, ಗಲ್ಲವನ್ನು ನೆಲಕ್ಕೆ ಒತ್ತಿತು, ಕಿವಿಗಳನ್ನು ಹಿಂದಕ್ಕೆ ಮಡಿಸಿ ಬೆನ್ನಿಗೆ ಅಂಟಿಸಿತು. ಆಮೇಲೆ ಅಲುಗಲಿಲ್ಲ.

ಸುಗುಣ ಆರತಿ ತಟ್ಟೆಯನ್ನು ಬದಿಗಿಟ್ಟಳು. "ನಮಸ್ಕಾರ! ಅಮ್ಮಂಗೆ ಉದ್ದಂಡ ನಮಸ್ಕಾರ ಹಾಕ್ತ್ ಕಾಣಿ!" ಎಂದು ಅಳುತ್ತಾ ಅವಳೂ ಮರಿಯ ಪಕ್ಕದಲ್ಲಿ ಅಡ್ಡಬಿದ್ದಳು. ಲೀಲಾಧರ ಬಿದ್ದ. ಶ್ರೀಲತಾ ಬಿದ್ದಳು. ನಾನೊಬ್ಬ ನಿಂತಿದ್ದೆ.

ಚಿಗರೆಯ ಗುಣ ನನಗೆ ಹೇಗೆ ಗೊತ್ತು ಎಂಬುದನ್ನು ಹೇಳಬೇಕು. ರಾಣೆಬೆನ್ನೂರಿನಲ್ಲಿ ನಮ್ಮ ಮನೆ ಪೇಟೆಯ ಅಂಚಿನಲ್ಲಿತ್ತು. ಹಿತ್ತಲ ಗೋಡೆಯ ಆಚೆ ಕಣ್ಣು ಹೋಗುವಷ್ಟು ದೂರ ಎರೆಭೂಮಿ, ನಡುನಡುವೆ ಹುಲ್ಲುಗಾವಲು. ಪುಸ್ತಕದವರು ಕೃಷ್ಣಮೃಗ ಎನ್ನುವ ಪ್ರಾಣಿಯನ್ನು ಅಲ್ಲಿಯವರು ಚಿಗರಿ ಎನ್ನುತ್ತಾರೆ. ಗಂಡಿಗೆ ಮೇಲೆ ಕಪ್ಪು, ಕೆಳಗೆ ಬಿಳಿ, ತಿರುಚಿದ ಕೊಂಬು. ಬೆದೆಯ ಕಾಲದಲ್ಲಿ ಅದು ಬಯಲಿನಲ್ಲಿ ಒಂದು ಜಾಗ ಹಿಡಿದು, ದಿನಾ ಅಲ್ಲಿಯೇ ಹಿಕ್ಕೆ ಹಾಕಿ ಗುರುತು ಮಾಡಿ, ತಲೆಯೆತ್ತಿ ನಿಲ್ಲುತ್ತದೆ. ಇನ್ನೊಂದು ಗಂಡು ಒಳಗೆ ಕಾಲಿಟ್ಟರೆ ಬಿಡುವುದಿಲ್ಲ. ಹೆಣ್ಣಿಗೆ ಕೊಂಬಿಲ್ಲ, ಮೈ ಮಣ್ಣಿನ ಬಣ್ಣ. ಕಾಡು ಅವಕ್ಕೆ ಆಗದು. ಮರದ ಮರೆ ನಮಗೆ ರಕ್ಷಣೆ ಎಂದು ಕಂಡರೆ ಅವಕ್ಕೆ ಅದು ಕುರುಡು. ದೂರದವರೆಗೆ ಕಾಣಬೇಕು, ಒಂದು ಹಾರಿತೆಂದರೆ ಹಿಂಡೆಲ್ಲ ಹಾರಿ ಓಡಬೇಕು. ಕಣ್ಣು ಮತ್ತು ಕಾಲು, ಬೇರೆ ಆಯುಧವಿಲ್ಲ.

ಹೊಸದಾಗಿ ಹುಟ್ಟಿದ ಮರಿಗೆ ಆ ಕಾಲು ಇನ್ನೂ ಬಂದಿರುವುದಿಲ್ಲ. ಅದಕ್ಕೆ ತಾಯಿ ಅದನ್ನು ಹುಲ್ಲಿನ ಗುಳಿಯಲ್ಲಿ ಮಲಗಿಸಿ ದೂರ ಹೋಗಿಬಿಡುತ್ತಾಳೆ. ನಮ್ಮ ಕಣ್ಣಿಗೆ ಕಲ್ಲುಮನಸ್ಸು. ತಾಯಿ ಹತ್ತಿರ ನಿಂತರೆ ಮರಿ ಇಲ್ಲಿದೆ ಎಂದು ತೋಳಕ್ಕೆ ತೋರಿಸಿಕೊಟ್ಟ ಹಾಗೆ. ದೂರದಲ್ಲಿ ಮೇಯುತ್ತಾ ಒಂದು ಕಣ್ಣನ್ನು ಆ ಗುಳಿಯ ಮೇಲೇ ಇಟ್ಟಿರುತ್ತಾಳೆ. ಮರಿ ಅಲುಗುವುದಿಲ್ಲ. ಹತ್ತಿರ ಯಾರು ಬಂದರೂ ಇನ್ನಷ್ಟು ನೆಲಕ್ಕೆ ಒತ್ತಿಕೊಳ್ಳುತ್ತದೆ. ಬೆಳಕು ಹರಿಯುವಾಗ, ಸಂಜೆ ಇಳಿಯುವಾಗ ತಾಯಿ ಸುತ್ತು ಹಾಕಿಕೊಂಡು ಬಂದು ಸಣ್ಣಗೆ ಒಂದು ಸ್ವರ ಹೊರಡಿಸುತ್ತಾಳೆ. ಆಗ ಆ ಮಣ್ಣಿನ ಹೆಂಟೆ ಎದ್ದು ಕುಣಿದುಕೊಂಡು ಹೋಗುತ್ತದೆ. ಹಾಲು ಕುಡಿಯುವಾಗ ತಾಯಿ ಬಾಲದ ಬುಡ ನೆಕ್ಕುತ್ತಾಳೆ. ನೆಕ್ಕಿದರೆ ಮಾತ್ರ ಮರಿ ಉಚ್ಚೆ ಹೊಯ್ಯುವುದು. ಅದನ್ನೂ ವಾಸನೆ ಉಳಿಯದಂತೆ ನೆಕ್ಕಿ ತೆಗೆದು, ಬೇರೆ ಗುಳಿಗೆ ಕಳಿಸಿ, ಮತ್ತೆ ದೂರ.

ಇದನ್ನೆಲ್ಲ ನನಗೆ ತೋರಿಸಿದವಳು ರಾಜೀವಿ. ನಮ್ಮ ಗೋಡೆಯ ಆಚೆಯೇ ಒಂದು ಮರಿ ಮಲಗಿತ್ತು. ನೀರಿನ ಟ್ಯಾಂಕಿಯ ಮರೆಯಲ್ಲಿ ಕುಳಿತು ದಿನಾ ನೋಡುತ್ತಿದ್ದಳು. ಹೋಟೆಲಿನ ಕೆಲಸದವರು ಎತ್ತಿ ತರುತ್ತೇವೆಂದು ಹೊರಟಾಗ ಸೌಟು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದಳು. ಮಕ್ಕಳಿಲ್ಲದ ಹೆಂಗಸು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದುದನ್ನು ಮುಟ್ಟಲಿಲ್ಲ. ದೇವರು ಕೊಟ್ಟದ್ದು ಎಂದೂ ಹೇಳಲಿಲ್ಲ.

ಆ ಸೋಮವಾರ ಸಂಜೆ ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. "ಎರಡ್ಮೂರ್ ದಿನ ತಾಯಿ ಅದೇ ಜಾಗಕ್ಕ್ ಬಂದ್ ಹುಡುಕ್ತ್. ನಾಳೆ ಬೆಳಿಗ್ಗೆ ಒಯ್ದ್ ಅದೇ ಗುಳಿಯಂಗ್ ಇಟ್ಟ್ ದೂರ ಹೋಯ್ಕ್. ತಡ ಆರೆ ಅದ್ಕೆ ಹಾಲ್ ಬತ್ತಿ ಹೋತ್ತ್."

"ಅಣ್ಣ," ಎಂದಳು ಸುಗುಣ, "ದೇವ್ರ ಕೆಲ್ಸದಂಗೆ ನಿನ್ನ ಹೋಟೆಲ್ ಪುರಾಣ ಬೇಡ. ಶುಕ್ರವಾರ ದುರ್ಗಾ ನಮಸ್ಕಾರ ಇಟ್ಕಂಡಾಯ್ತ್. ಭಟ್ರಿಗೂ ಹೇಳಿಯಾಯ್ತ್."

ಮಂಗಳವಾರದಿಂದ ಜನ. ಯಾರೋ ತೆಗೆದ ಫೋಟೋ ಎಲ್ಲರ ಫೋನಿಗೂ ಹೋಗಿತ್ತು. ಹೆಮ್ಮಾಡಿಯಿಂದ ಬಂದರು, ತಲ್ಲೂರಿನಿಂದ ಬಂದರು, ಕುಂದಾಪುರದಿಂದ ಆಟೋ ಮಾಡಿಕೊಂಡು ಬಂದರು. ಬಂದವರೆಲ್ಲ ಮರಿಯ ಸುತ್ತ ಬಗ್ಗಿ ನಿಲ್ಲುವುದು, ಮರಿ ನೆಲಕ್ಕೆ ಒತ್ತಿಕೊಳ್ಳುವುದು, "ಅಯ್ಯೋ ದೇವ್ರೇ, ಕಾಣಿ ಕಾಣಿ" ಎನ್ನುವುದು. ಒಬ್ಬಳು ಕುಂಕುಮ ಹಚ್ಚಿದಳು. ಒಬ್ಬಳು ದಾಸವಾಳದ ಹಾರ ಹಾಕಿದಳು. ಆ ಹಾರಕ್ಕಿಂತ ಅದರ ಕತ್ತು ತೆಳುವಾಗಿತ್ತು.

ಊರಿನಲ್ಲಿ ಬಾಡಿಗೆ ಜೀಪು ಓಡಿಸುವ ಪಾಂಡು ಬಾಯಿಬಡುಕ. ಅಂಗಳದಲ್ಲಿ ನಿಂತು ಹೇಳಿದ: "ಹ್ವಾಯ್ ಶೆಟ್ರೇ, ನಮ್ಮನಿ ಎಮ್ಮಿಗೂ ಒಂದ್ಸಲ ಈ ನಮಸ್ಕಾರ ಕಲ್ಸಿ ಕೊಡಿ ಮಾರಾಯ್ರೆ. ಹಾಲ್ ಕರೂಕೆ ಹೋದ್ರೆ ಕಾಲಂಗೆ ಆಶೀರ್ವಾದ ಮಾಡ್ತ್."

ನಾಲ್ಕು ಜನ ನಕ್ಕರು. ನನಗೂ ನಗು ಬರಬೇಕಿತ್ತು, ಬರಲಿಲ್ಲ. "ಪಾಂಡು, ನಾಳೆ ಬೆಳಿಗ್ಗೆ ಜೀಪ್ ಬೇಕ್. ಘಟ್ಟದ ಮೇಲೆ ಹೋಪುಕಿತ್," ಎಂದೆ. ಅವನು ನನ್ನ ಮುಖ ನೋಡಿ ನಗು ನಿಲ್ಲಿಸಿ ತಲೆಯಾಡಿಸಿದ.

ಜನ ಕರಗಿದ ಮೇಲೆ ನಾನು ಶ್ರೀಲತಾಳ ಹತ್ತಿರ ಹೋದೆ. ಅವಳು ದನದ ಹಾಲಿಗೆ ಜೇನು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಮರಿ ಕುಡಿಯುತ್ತಿತ್ತು, ಕುಡಿದದ್ದಕ್ಕಿಂತ ಹೆಚ್ಚು ಚೆಲ್ಲುತ್ತಿತ್ತು. ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು.

"ಉಚ್ಚೆ ಮಾಡಿತಾ?" ಎಂದು ಕೇಳಿದೆ.

"ಒಂದ್ ಹನಿ ಮಾಡ್ಲಿಲ್ಲ ಮಾವ. ಅತ್ತೆ ಅದ್ನೇ ಎಲ್ಲರತ್ರ ಹೇಳ್ತಾ ಇದ್ರ್. ದೇವ್ರ ಕೋಣೆ ಮುಂದೆ ಗಲೀಜ್ ಮಾಡೂದಿಲ್ಲ, ಶುದ್ಧ ಜೀವ ಅಂದ್."

ನನ್ನ ಮೈ ಉರಿಯಿತು. "ಶುದ್ಧ ಅಲ್ಲ ಹೆಣ್ಣೇ, ಕಟ್ಟಿಕಂಡದ್ದ್! ತಾಯಿ ನೆಕ್ಕದೆ ಅದ್ಕೆ ಆತಿಲ್ಲ. ಬಿಸಿನೀರಂಗೆ ಬಟ್ಟೆ ಅದ್ದಿ ಬಾಲದಡಿ ಒರಸ್. ಈಗ್ಲೇ."

ಅವಳು ಎದ್ದು ನೀರು ತಂದಳು. ಬಟ್ಟೆ ಅದ್ದುವಷ್ಟರಲ್ಲಿ ಸುಗುಣ ಒಳಗಿನಿಂದ ಬಂದು, "ಎಂತ ಮಾಡೂದ್? ದೇವ್ರ ಬಾಗ್ಲಂಗೆ? ಬುದ್ಧಿ ಇತ್ತಾ ನಿಮ್ಗೆ?" ಎಂದು ಬಟ್ಟೆಯನ್ನು ಕಸಿದುಕೊಂಡಳು. ಹಾಗಾದರೆ ಹೊರಗೆ ಒಯ್ಯಿ ಎಂದೆ. ನಮಸ್ಕಾರ ಮುಗಿಯುವವರೆಗೆ ಮರಿ ದೇವರ ಎದುರಿನಿಂದ ಏಳಬಾರದೆಂದು ಅವಳೇ ಒಂದು ಕಟ್ಟಳೆ ಮಾಡಿದ್ದಳು. ಶ್ರೀಲತಾ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬಾಟಲಿಯನ್ನು ಮತ್ತೆ ಎತ್ತಿಕೊಂಡಳು.

"ಮಾವ, ನೀವ್ ಹೇಳೂದ್ ಸುಳ್ಳಲ್ಲ. ನಂಗೊತ್ತಿತ್. ಆರೆ ಒಂದ್ ಶುಕ್ರವಾರದ ವರೆಗೆ ಬಿಡಿ. ಹತ್ತ್ ವರ್ಷ ಆಯ್ತ್, ಈ ಮನಿಯಂಗೆ ನನ್ನ ಮುಖ ಕಂಡ್ ಯಾರೂ ನಗಾಡ್ಲಿಲ್ಲ. ಈಗ ನಗಾಡ್ತಿದ್ರ್."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಮನೆಯಲ್ಲಿ ತಪ್ಪಿಲ್ಲದವಳು ಇವಳೊಬ್ಬಳು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಪಾಂಡುವಿನ ಜೀಪು ಬರಲಿಲ್ಲ. ಬೈಂದೂರಿನ ನೆಂಟರನ್ನು ಕರೆತರಲು ಲೀಲಾಧರ ಅವನನ್ನು ಬೆಳಗಿನ ಜಾವವೇ ಕಳಿಸಿದ್ದ. ಹೆಬ್ಬಾಗಿಲಲ್ಲಿ ಲೀಲಾಧರನನ್ನು ಹಿಡಿದು ನಿಲ್ಲಿಸಿದೆ.

"ಕಾಡಿನ ಇಲಾಖೆಗೆ ಫೋನ್ ಮಾಡ್ತೆ. ಇದನ್ನ ಮನಿಯಂಗ್ ಇಟ್ಕಂಬೂದ್ ಜೈಲಿಗ್ ಹೋಪ ಕೆಲ್ಸ, ಗೊತ್ತಿತ್ತಾ ನಿಂಗೆ?"

"ಮಾಡಿ. ಹೆತ್ತ ಮಗ ಆಗಿದ್ರೆ ಮಾಡ್ತಿದ್ರ್ಯಾ?"

"ಮಗ ಆಗಿದ್ರೆ ಕೆನ್ನಿಗ್ ಎರಡ್ ಕೊಡ್ತಿದ್ದೆ. ನೀನ್ ಅಳಿಯ ಅಂದ್ ಮಾತಾಡ್ತಿದ್ದೆ."

ಆಗ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಮಾವ, ರಾಜೀವಿ ಅತ್ತೆ ಹೋದ್ ಮೇಲೆ ನಿಮ್ಗೆ ಯಾರ್ ನಗಾಡೂದ್ ಕಂಡ್ರೂ ಆತಿಲ್ಲ. ನಿಮ್ಗ್ ಮಕ್ಕಳಾಗ್ಲಿಲ್ಲ ಅಂದ್ ನಮ್ಗೂ ಆಪುಕಾಗ್ದಾ?"

ಕೈ ಎತ್ತಿದ್ದೆ. ಸುಗುಣ ನಡುವೆ ಬಂದು ನನ್ನ ಕಾಲು ಹಿಡಿದಳು. ಶುಕ್ರವಾರ ಮಂಗಳಾರತಿಯಾದ ಕೂಡಲೇ ಮರಿಯನ್ನು ಜೀಪಿಗೆ ಹಾಕುವುದು, ಲೀಲಾಧರನೇ ಒಯ್ದು ಇಲಾಖೆಯವರ ಕೈಗೆ ಒಪ್ಪಿಸುವುದು ಎಂದು ದೇವರ ದೀಪ ಮುಟ್ಟಿಸಿ ಅವನಿಂದ ಮಾತು ತೆಗೆದುಕೊಟ್ಟಳು. ದೀಪ ಮುಟ್ಟಿದ ಮೇಲೆ ಇನ್ನೇನು ಹೇಳಲಿ? ಶುಕ್ರವಾರದ ಹೊತ್ತಿಗೆ ಆ ತಾಯಿಯ ಕೆಚ್ಚಲು ಒಣಗಿರುತ್ತದೆ ಎಂದು ನನಗೆ ಗೊತ್ತಿತ್ತು. ಮರಿಯ ಜೀವವಾದರೂ ಉಳಿಯಲಿ ಎಂದು ಒಪ್ಪಿದೆ.

ಗುರುವಾರ ನೋಡಲು ಬಂದ ಹೆಂಗಸರು, "ಎಷ್ಟ್ ಶಾಂತ ಮಲ್ಕಂಡಿತ್ ಕಾಣಿ, ಧ್ಯಾನ ಮಾಡ್ದಂಗೆ" ಎಂದರು. ಕಳೆದ ಶ್ರಾವಣದಲ್ಲಿ ಆಸ್ಪತ್ರೆಗೆ ಬಂದವರೂ ರಾಜೀವಿಯ ಮಂಚದ ಪಕ್ಕ ನಿಂತು ಹೀಗೇ ಹೇಳಿದ್ದರು: ಎಷ್ಟು ಶಾಂತಳಾಗಿದ್ದಾಳೆ, ದೇವರ ಸ್ಮರಣೆಯಲ್ಲಿದ್ದಾಳೆ. ಬಟ್ಟೆಯ ಕೆಳಗೆ ಅವಳ ಬೆರಳುಗಳು ನನ್ನ ಅಂಗೈಯನ್ನು ಹೇಗೆ ಹಿಡಿದಿದ್ದವೆಂಬುದು ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಸುಮ್ಮನೆ ಮಲಗಿದ ಜೀವವನ್ನು ಕಂಡರೆ ನಮ್ಮ ಜನಕ್ಕೆ ಭಕ್ತಿಯೇ ಕಾಣುತ್ತದೆ. ಭಯ ಕಾಣುವುದಿಲ್ಲ. ಭಯ ಕಂಡರೆ ಏನಾದರೂ ಮಾಡಬೇಕಾಗುತ್ತದೆ.

ಶುಕ್ರವಾರ ಸಂಜೆ ಚಾವಡಿ ತುಂಬಿತು. ದುರ್ಗಾ ನಮಸ್ಕಾರದಲ್ಲಿ ನಡುವೆ ದೀಪ ಬೆಳಗಿ ಅದರಲ್ಲಿ ಅಮ್ಮನನ್ನು ಆವಾಹನೆ ಮಾಡುತ್ತಾರೆ. ಭಟ್ಟರು ಮಂತ್ರ ಹೇಳುತ್ತಾ ದೀಪಕ್ಕೆ ಮತ್ತೆ ಮತ್ತೆ ನಮಸ್ಕಾರ ಹಾಕುತ್ತಾರೆ. ಆ ದೀಪದ ಎದುರಿಗೆ ಮಣೆಯಿಟ್ಟು, ಕೆಂಪು ರೇಷ್ಮೆ ಹಾಸಿ, ಅದರ ಮೇಲೆ ಮರಿಯನ್ನು ಮಲಗಿಸಿದ್ದರು. ಸಂಪಿಗೆ, ಕೇಪಳ, ದಾಸವಾಳದ ನಡುವೆ ಮುಖ ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ಪಂಚಾಮೃತ ಕುಡಿಸಿದ್ದರಂತೆ.

ನಾನು ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ಕಿಟಕಿಯ ಹತ್ತಿರ ಕುಳಿತಿದ್ದೆ. ಮಂತ್ರ ಕೇಳುತ್ತಿತ್ತು. ಚಿಕ್ಕಂದಿನಿಂದ ಕೇಳಿದ ಮಂತ್ರ. ಅಮ್ಮನೇ, ಇದನ್ನು ಬೇಗ ಮುಗಿಸಿಕೊಡು ಎಂದು ಬೇಡಿದೆ. ಒಳಗಿನಿಂದ ಯಾರೋ ಹೇಳುವುದು ಕೇಳಿಸಿತು.

"ಭಟ್ರ್ ಎದ್ದ್ ಎದ್ದ್ ನಮಸ್ಕಾರ ಹಾಕ್ತಿದ್ರ್, ಅದ್ ಹಾಕಿದ್ದ್ ಎದ್ದದ್ದೇ ಇಲ್ಲ ಕಾಣಿ. ಆಗಿಂದ ಒಂದೇ ನಮಸ್ಕಾರ."

"ಕಣ್ಣ್ ಸೈತ ಮುಚ್ತಿಲ್ಲ ಮಾರಾಯ್ತಿ. ದೀಪವನ್ನೇ ಕಾಂತಾ ಇತ್."

ನಾನು ಎದ್ದೆ. ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದೆ. ಮರಿಯ ತೆರೆದ ಕಣ್ಣಿನ ಮೇಲೆ ಒಂದು ನೊಣ ಕುಳಿತಿತ್ತು. ರೆಪ್ಪೆ ಅಲುಗಲಿಲ್ಲ. ಹೂವನ್ನು ಬದಿಗೆ ಸರಿಸಿ ಕತ್ತು ಮುಟ್ಟಿದೆ. ತಣ್ಣಗಿತ್ತು. ಕತ್ತು ಎತ್ತಿದರೆ ಮೈಯೆಲ್ಲ ಹಲಗೆಯ ಹಾಗೆ ಒಟ್ಟಿಗೆ ಎದ್ದಿತು. ಸತ್ತು ಎಷ್ಟೋ ಹೊತ್ತಾಗಿತ್ತು.

"ನಿಲ್ಸಿ ಭಟ್ರೇ," ಎಂದೆ. "ಯಾರಿಗ್ ಮಂತ್ರ ಹೇಳ್ತಿದ್ರಿ? ಇದ್ ಹೆಣ."

ಮಂತ್ರ ನಿಂತಿತು. ಸುಗುಣ ಎದೆಗೆ ಕೈಯಿಟ್ಟುಕೊಂಡು ನಿಂತಳು. ಈಗ ಇವಳ ಬಾಯಿಂದ ತಪ್ಪಾಯಿತು ಎಂಬ ಮಾತು ಬರುತ್ತದೆ ಎಂದುಕೊಂಡೆ. ಬಂದದ್ದು ಬೇರೆ.

"ಅಮ್ಮ ಕರ್ಕಂಡ್ಲ್," ಎಂದಳು. "ನಮಸ್ಕಾರ ಹಾಕ್ತಾ ಇಪ್ಪತಿಗೇ 'ಬಾ' ಅಂದ್ ಕರ್ಕಂಡ್ಲ್. ಇಂಥ ಸಾವ್ ಯಾರಿಗ್ ಸಿಕ್ತ್?"

ಅಷ್ಟೇ ಸಾಕಾಯಿತು. ಚಾವಡಿಯೆಲ್ಲ ಹೌದು ಹೌದು ಎಂದಿತು. ಹೆಂಗಸರು ಕಣ್ಣೊರೆಸಿಕೊಂಡು ಕೈಮುಗಿದರು. ಲೀಲಾಧರ ಒಂದು ಮೂಲೆಯಲ್ಲಿ ತನ್ನ ದೊಡ್ಡಪ್ಪನ ಮಗನ ಹತ್ತಿರ, ತುಳಸಿಕಟ್ಟೆಯ ಬದಿಗೆ ಹೂತು ಮೇಲೊಂದು ಸಣ್ಣ ಕಟ್ಟೆ ಕಟ್ಟಿದರೆ ಹೇಗೆ ಎಂದು ಕೇಳುತ್ತಿದ್ದ. ಇನ್ನೊಬ್ಬ ಆರತಿಗೆ ಕರ್ಪೂರ ಹಚ್ಚಿದ. ನನ್ನ ಕಣ್ಣೆದುರೇ ಹೆಣಕ್ಕೆ ಆರತಿ ಎತ್ತಿದರು.

ಶ್ರೀಲತಾ ಮಾತ್ರ ಆರತಿಗೆ ಕೈ ಒಡ್ಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು.

"ಗುದ್ದಲಿ ಮುಟ್ಟಿದ್ರೆ ಕಾಣಿ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಕಟ್ಟೆ ಕಟ್ತ್ರ್ಯಾ? ಕಟ್ಟಿ. ನಾಳೆ ದಾರಿ ಮೇಲೆ ಸಿಕ್ಕದ್ದೆಲ್ಲ ಅಮ್ಮ ಕೊಟ್ಟದ್ದ್ ಅಂದ್ ಊರ್ ಜನ ಹೊತ್ಕಂಡ್ ಬರ್ಲಿ. ನಾನ್ ಬದ್ಕಿದ್ದಂಗೆ ಆತಿಲ್ಲ."

ಅಲ್ಲಿಯೇ, ಎಲ್ಲರ ಎದುರೇ ಅರಣ್ಯ ಇಲಾಖೆಗೆ ಫೋನು ಮಾಡಿದೆ. ಹೆಸರು ಹೇಳಿದೆ, ಮನೆ ಹೇಳಿದೆ, ಏನೆಂದು ಹೇಳಿದೆ. ಕತ್ತಲಾಗಿದೆ, ಹಾಗೆಯೇ ಇಟ್ಟಿರಿ, ಬೆಳಿಗ್ಗೆ ಬರುತ್ತೇವೆ ಎಂದರು. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ಊಟಕ್ಕೆ ನಿಂತವರು ಕಡಿಮೆ. ಮರಿಯನ್ನು ನಾನು ನನ್ನ ಕೋಣೆಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿದೆ.

ಶನಿವಾರ ಬೆಳಿಗ್ಗೆ ಮಿಂದು ಗಣಪತಿಯ ಎದುರು ನಿಂತೆ. ಏನನ್ನೂ ಬೇಡಲಿಲ್ಲ. ನಿನ್ನ ಹೆಸರು ಹೇಳಿ ನಮ್ಮವರು ಮಾಡುವುದನ್ನು ನೀನು ಎಷ್ಟು ದಿನ ನೋಡಿಕೊಂಡು ಸುಮ್ಮನಿರುತ್ತೀ ಎಂದು ಕೇಳಿದೆ. ದೇವರನ್ನು ಹಾಗೆ ಕೇಳಿದ್ದು ಈ ಜನ್ಮದಲ್ಲಿ ಅದೇ ಮೊದಲು. ಪ್ರಸಾದ ತೆಗೆದುಕೊಂಡು ಬಂದೆ.

ಇಲಾಖೆಯ ಜೀಪು ಬಂತು. ಬಂದವರಲ್ಲಿ ಹಿರಿಯನ ಹೆಸರು ಚೆನ್ನಯ್ಯ, ಬ್ರಹ್ಮಾವರದ ಕಡೆಯವನು. ಮರಿಯನ್ನು ನೋಡಿ ಟೋಪಿ ತೆಗೆದ. ಹೊಟ್ಟೆಯನ್ನು ಬೆರಳಿಂದ ಒತ್ತಿ ನೋಡಿದ. "ಎಲ್ ಸಿಕ್ಕದ್ದ್ ಇದ್?"

ಲೀಲಾಧರ ಮುಂದೆ ಬಂದ. ರಾತ್ರಿಯೆಲ್ಲ ಯೋಚಿಸಿಟ್ಟದ್ದು ಕಾಣುತ್ತಿತ್ತು. "ಕೊಲ್ಲೂರ್ ಕಾಡ್ ಬದಿಗ್ ಸರ್. ನಾಯಿಗಳ್ ಅಟ್ಟಿಸ್ಕಂಡ್ ಬಂದಿದ್ದೊ. ಪಾಪ ಅಂದ್ ಎತ್ಕಂಡ್ ಬಂದದ್ದ್. ಇವತ್ತ್ ನಿಮ್ಗೆ ಕೊಡ್ಕ್ ಅಂದೇ ಇದ್ದಿತ್."

ಚೆನ್ನಯ್ಯ ನನ್ನ ಕಡೆ ನೋಡಿದ.

"ಕೊಲ್ಲೂರ್ ಕಾಡಂಗೆ ಕೃಷ್ಣಮೃಗ!" ಎಂದೆ. "ದೇವ್ರ ದೀಪ ಮುಟ್ಟಿದ ಕೈ ಅಲ್ದಾ ಅದ್? ಇದ್ ಬಯಲಿಂದ್, ಮರದ ನೆರಳ್ ಕಂಡ್ರೆ ಹೆದರೂ ಜಾತಿ. ಹೇಳ್, ಎಲ್ಲಿಂದ ತಂದದ್ದ್ ಅಂದ್ ಹೇಳ್!"

"ಅಣ್ಣ, ಮನಿ ಮರ್ಯಾದಿ," ಎಂದು ಸುಗುಣ ಅಳತೊಡಗಿದಳು. "ನಿನ್ನ ಅಳಿಯನನ್ನ ನೀನೇ ಜೈಲಿಗ್ ಹಾಕ್ಸ್ತ್ಯಾ?"

ಆಗ ಶ್ರೀಲತಾ ಒಳಗಿನಿಂದ ಬಂದಳು. ಹಿಂದಿನ ದಿನದ ರೇಷ್ಮೆಸೀರೆಯಲ್ಲೇ ಇದ್ದಳು, ಮಲಗಿದಂತೆ ಕಾಣಲಿಲ್ಲ. ಚೆನ್ನಯ್ಯನ ಎದುರು ನಿಂತಳು.

"ಅವ್ರ್ ಹೇಳೂದ್ ಸುಳ್ಳ್. ರಾಣೆಬೆನ್ನೂರ್ ಬದಿ ಜೋಳದ ಗದ್ದೆಯಂಗೆ ಸಿಕ್ಕದ್ದ್. ಎತ್ತದ್ದ್ ನಾನ್. ಅವ್ರ್ ಕಾರಂಗೇ ಇದ್ದಿದ್ರ್."

"ಶ್ರೀ, ನೀ ಒಳಗ್ ಹೋಗ್," ಎಂದ ಲೀಲಾಧರ.

ಅವಳು ಅವನ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದಳು. "ಮಾವ, ನೀವ್ ಹೇಳೂಕ್ ಮುಂಚೆಯೇ ನಂಗೊತ್ತಿದ್ದಿತ್. ತಾಯಿ ಅಲ್ಲೇ ಇದ್ದಿತ್. ಆಚಿ ದಿಬ್ಬದ ಮೇಲೆ ನಿಂತ್ ನನ್ನನ್ನೇ ಕಾಂತಾ ಇದ್ದಿತ್. ನಾನ್ ಬಗ್ಗಿ ಎತ್ತದ್ ಕೂಡ್ಲೆ ಓಡಿ ಬಂತ್. ಕಾರ್ ಹೊರಟ್ ಮೇಲೂ ರಸ್ತೆ ಬದಿಗೇ ಹಾರಿ ಹಾರಿ ಬಂತ್. ಒಂದ್ ಸ್ವರ ತೆಗಿತಾ ಇದ್ದಿತ್. ಅದ್ ಕೇಂಡ್ ಇದ್ ನನ್ನ ಮಡ್ಲಂಗೆ ಏಳೂಕ್ ಹೊರಟಿತ್." ಅವಳು ಮರಿಯ ಕಡೆ ನೋಡಿದಳು. "ಇದ್ಕೆ ಕೇಂಬುಕಾಗ ಅಂದ್ ನಾನ್ ಕಾರಿನ ಗ್ಲಾಸ್ ಏರ್ಸ್ದೆ."

ಸುಗುಣಳ ಅಳು ಅರ್ಧದಲ್ಲಿ ನಿಂತಿತು. ಲೀಲಾಧರ ಜಗಲಿಯ ಕಂಬ ಹಿಡಿದುಕೊಂಡ. ಸುತ್ತ ಒಂದು ಜೀವವೂ ಇರಲಿಲ್ಲ ಎಂದು ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವನು ನೋಡಿರಲೇ ಇಲ್ಲ. ನೋಡಿದವಳು ಇವಳು. ನಾಲ್ಕು ದಿನ ನಾನು ತಾಯಿಯ ಮಾತು ಹೇಳುವಾಗ ತಲೆ ತಗ್ಗಿಸಿ ಕೇಳಿದವಳು. ತಪ್ಪಿಲ್ಲದವಳು ಎಂದು ನಾನು ನನ್ನ ಸಿಟ್ಟಿನಿಂದ ಹೊರಗಿಟ್ಟವಳು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಒಳ್ಳೆಯ ಮಾತಿಗೆ ಕಾದಿದ್ದಳೋ, ಬೈಗುಳಕ್ಕೋ. ನಾನು ಮುಖ ತಿರುಗಿಸಿದೆ.

"ಆಫೀಸಿಗೆ ಬಂದ್ ಹೀಂಗೇ ಹೇಳ್ಕಾತ್ತ್ ಅಮ್ಮ," ಎಂದ ಚೆನ್ನಯ್ಯ, ಮೆಲ್ಲಗೆ.

"ಬತ್ತೆ," ಎಂದಳು. ಲೀಲಾಧರ ನಾನು ಹೋಗುತ್ತೇನೆ, ನೀನಿರು ಎಂದು ಅವಳ ಕೈ ಹಿಡಿದ. ಅವಳು ಕೈ ಬಿಡಿಸಿಕೊಂಡು ಚಪ್ಪಲಿ ಹಾಕಿಕೊಂಡಳು.

ನಾನು ಅಂಗಿಯ ಮೇಲೆ ಶಾಲು ಹೊದ್ದು ಹೊರಟೆ. ಸುಗುಣ ಎಲ್ಲಿಗೆ ಎಂದು ಕೇಳಿದಳು. ಹೆಣ್ಣೊಬ್ಬಳೇ ಹೋಗುವುದು ಬೇಡ ಎಂದೆ. ಅವಳ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ. ಅವಳು ಅಲ್ಲಿಯೂ ಇದೇ ಮಾತನ್ನು ಒಂದಕ್ಷರ ಬಿಡದೆ ಹೇಳುವುದನ್ನು ನಾನು ಕೇಳಬೇಕಿತ್ತು.

ಮರಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿನ ಹಿಂದೆ, ನಮ್ಮ ಕಾಲ ಬಳಿ ಇಟ್ಟರು. ಹೆಮ್ಮಾಡಿಯಲ್ಲಿ ಹೆದ್ದಾರಿಗೆ ತಿರುಗಿ ಕುಂದಾಪುರದ ಕಡೆ ಹೊರಟೆವು. ಜೀಪು ಗುಂಡಿಗೆ ಬಿದ್ದು ಎದ್ದಾಗಲೆಲ್ಲ ಗೋಣಿ ಜಾರುತ್ತಿತ್ತು. ಅವಳು ಬಗ್ಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೇಡ ಎನ್ನಬೇಕೆಂದು ಬಾಯಿ ತೆರೆದೆ; ಹೇಳಲಿಲ್ಲ. ಸಿಟ್ಟು ಮಾತ್ರ ಹಾಗೆಯೇ ಇತ್ತು, ಈಗಲೂ ಇದೆ.